ಗಿಳಿ ಅತ್ತ ಮೇಲೆ

ನಮ್ಮತ್ತೆ ರಾಜಾಮಣಿಯವರು ಜೀವಮಾನದಲ್ಲಿ ಒಂದೇ ಒಂದು ತಪ್ಪು ಮಾಡಿದವರಲ್ಲ. ಹಾಗಂತ ಅವರೇ ಹೇಳುತ್ತಾರೆ. ದೋಸೆ ಹೆಂಚಿಗೆ ಅಂಟಿದರೆ ಹೆಂಚು ಸರಿಯಿಲ್ಲ, ಬಸ್ಸು ತಪ್ಪಿದರೆ ಡ್ರೈವರಿಗೆ ಅವಸರ, ನೇಯ್ದ ಬಟ್ಟೆಯಲ್ಲಿ ದೋಷ ಕಂಡರೆ ನೂಲು ಹಾಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾನು ದೊಡ್ಡಬಳ್ಳಾಪುರದಿಂದ ತಮಿಳುನಾಡಿನ ಸೋಮನೂರಿನ ಕನ್ನಡ ನೇಕಾರರ ಮನೆಗೆ ಸೊಸೆಯಾಗಿ ಬರುವಾಗ ಜೊತೆಗೇ ತಂದಿದ್ದೆ. ಇಲ್ಲಿ ಅದಕ್ಕೆ ದಿನಾ ಕೆಲಸ ಸಿಗುತ್ತದೆಂದು ಗೊತ್ತಿರಲಿಲ್ಲ. ಬಾಯಿಬಿಟ್ಟು ಅನ್ನುವ ಧೈರ್ಯ ನನಗಿಲ್ಲ, ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ.

ಅವರ ಇನ್ನೊಂದು ಆಸ್ತಿ ಗಂಟಲು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಇಲ್ಲಿಯವರ ಬಾಯಲ್ಲಿ ಅದು ತರಿ. ನಾಲ್ಕು ತರಿ ಒಟ್ಟಿಗೆ ಬಡಿಯುವಾಗ ಮಾತು ಕೇಳಿಸಬೇಕಾದರೆ ಕಿರುಚಲೇಬೇಕು, ಹಾಗೆ ಕಿರುಚಿ ಕಿರುಚಿ ಅವರಿಗೆ ಗುಟ್ಟು ಹೇಳುವ ಧ್ವನಿಯೇ ಇಲ್ಲದಾಗಿದೆ. ಮಾವನವರಿಗೆ ಕಿವಿ ಮಂದ. ಅದು ತರಿಯಿಂದ ಬಂದದ್ದೋ ಅತ್ತೆಯಿಂದ ಬಂದದ್ದೋ ಡಾಕ್ಟರಿಗೂ ಗೊತ್ತಾಗಲಿಲ್ಲ.

ಅತ್ತೆಗೆ ಮಂಡಿನೋವು ಜೋರಾದ ಮೇಲೆ ನನ್ನ ಗಂಡ ಸೆಂದಿಲ್ ಆ ನಾಲ್ಕೂ ತರಿಗಳನ್ನು ಮಾರಿಬಿಟ್ಟರು. ಆಗ ಮನೆಯಲ್ಲಿ ಶಾಂತಿ ನೆಲೆಸಿತು, ಅತ್ತೆಗೆ ಮಾತ್ರ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಖಾಲಿ ಶೆಡ್ಡನ್ನು ಬೆಳಿಗ್ಗೆ ಗುಡಿಸುವರು, ಸಂಜೆ ಮತ್ತೆ ಗುಡಿಸುವರು, ನಡುವೆ ನನ್ನ ಅಡುಗೆಯಲ್ಲಿ ದೋಷ ಹುಡುಕುವರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವರು ಆ ಸಿಮೆಂಟ್ ನೆಲದ ಮೇಲೆ ತರಿ ಕೂರಿಸಿದ್ದ ಬೋಲ್ಟಿನ ತೂತುಗಳನ್ನು ನೋಡುತ್ತ ನಿಂತಿರುವುದನ್ನು ಕಂಡಾಗ ಪಾಪ ಅನಿಸುತ್ತಿತ್ತು.

ಅಷ್ಟರಲ್ಲಿ ನಮ್ಮ ಬೀದಿಯ ಕೊನೆಯ ಪ್ರಾಥಮಿಕ ಶಾಲೆಗೆ ಕೊಯಮತ್ತೂರಿನ ಒಂದು ಟ್ರಸ್ಟಿನವರು ಎಂಟು ಹಳೆಯ ಕಂಪ್ಯೂಟರ್ ಕೊಟ್ಟರು. ಸಣ್ಣ ಮಕ್ಕಳು ಆಟವಾಡುತ್ತಲೇ ಲೆಕ್ಕ, ಓದು ಕಲಿಯುವಂಥ ಪಾಠಗಳು ಅದರಲ್ಲಿದ್ದವು. ಕಾರ್ತಿಕಾ ಟೀಚರ್ ಸಿಂಗಾನಲ್ಲೂರಿನಿಂದ ಬಸ್ಸಿನಲ್ಲಿ ಬರುವವರು, ಅವರಿಗೆ ಎರಡು ತರಗತಿ ಸಂಭಾಳಿಸುವುದೇ ಸಾಕಾಗಿತ್ತು. ಆ ಕೋಣೆ ತೆರೆದು, ಮಕ್ಕಳನ್ನು ಕೂರಿಸಿ, ಯಂತ್ರ ಕಾಯಲು ಊರಿನವರು ಯಾರಾದರೂ ಬೇಕು ಎಂದರು. ಅವರು ಮಾತು ಮುಗಿಸುವ ಮೊದಲೇ ಅತ್ತೆ ಕೈಚಾಚಿ ಬೀಗದ ಕೈ ಇಸಿದುಕೊಂಡು ಸೆರಗಿಗೆ ಕಟ್ಟಿಕೊಂಡಾಗಿತ್ತು.

ಮರುದಿನದಿಂದ ಅತ್ತೆ ಮನುಷ್ಯರಾದರು. ನನ್ನ ಸಾರು ಹೇಗಿದ್ದರೂ ಉಂಡು, ಒಗೆದ ಸೀರೆ ಉಟ್ಟು, ಹೊತ್ತಿಗೆ ಮೊದಲೇ ಶಾಲೆಗೆ ಹೊರಡುವರು. ಆಯುಧಪೂಜೆಗೆ ಎಂಟೂ ಪರದೆಗಳಿಗೆ ಚಂದನ, ಕುಂಕುಮ. ಮಕ್ಕಳ ಹಿಂದೆ ಈ ತುದಿಯಿಂದ ಆ ತುದಿಗೆ ನಡೆಯುತ್ತ ಪ್ರತಿ ಪರದೆಯ ಮೇಲೂ ಕಣ್ಣಿಟ್ಟಿರುವರು. ಎಂಟು ತರಿ ನೋಡಿಕೊಳ್ಳುವ ಹೆಂಗಸು ಸೋಮನೂರಲ್ಲಿ ಇನ್ನೊಬ್ಬಳಿಲ್ಲ ಎಂದು ಸಂಜೆ ಮಾವನವರಿಗೆ ಕೂಗಿ ಹೇಳುವರು.

ಪಾಠ ಹೇಳುವುದು ಒಂದು ಹಸಿರು ಗಿಳಿ. ಕೊಂಬೆಯ ಮೇಲೆ ಕೂತು ತಮಿಳಿನಲ್ಲಿ ಪ್ರಶ್ನೆ ಕೇಳುತ್ತದೆ. ಮಾವಿನಹಣ್ಣು ಎಷ್ಟಿವೆ, ಇಷ್ಟಕ್ಕೆ ಇನ್ನೆಷ್ಟು ಸೇರಿದರೆ ಎಷ್ಟು. ಸರಿಯಾದ ಉತ್ತರ ಒತ್ತಿದರೆ ರೆಕ್ಕೆ ಬಡಿದು ಕುಣಿಯುತ್ತದೆ. ತಪ್ಪಾದರೆ ಪರದೆಯ ಮೇಲೆ ಕೆಂಪು ಗುರುತು ಬೀಳುತ್ತದೆ, ಗಿಳಿ ಗೊಳೋ ಎಂದು ಅಳಲು ಶುರುಮಾಡುತ್ತದೆ.

ಮಳೆಗಾಲ ಕಳೆದು ದೀಪಾವಳಿಯೂ ಮುಗಿದ ಮೇಲೆ ಟ್ರಸ್ಟಿನಿಂದ ವರದಿ ಬಂತು. ಬೇರೆ ಶಾಲೆಯ ಮಕ್ಕಳು ಹತ್ತನೇ ಪಾಠ, ಹದಿನೈದನೇ ಪಾಠ ಎಂದು ಓಡುತ್ತಿದ್ದರೆ ನಮ್ಮ ಶಾಲೆಯ ಅಷ್ಟೂ ಮಕ್ಕಳು ಇನ್ನೂ ಮೊದಲ ಪಾಠದಲ್ಲೇ ಇದ್ದರು. ಮುಂದಿನ ವಾರ ಬಂದು ನೋಡುತ್ತೇವೆ, ಹೀಗೇ ಇದ್ದರೆ ಕಂಪ್ಯೂಟರುಗಳನ್ನು ಮಡತ್ತುಕುಳಂ ಕಡೆಯ ಶಾಲೆಗೆ ಸಾಗಿಸುತ್ತೇವೆ ಎಂದು ತಿಳಿಸಿದ್ದರು.

ಕಾರ್ತಿಕಾ ಟೀಚರ್ ಗಾಬರಿಯಿಂದ ಸಂಜೆ ನಮ್ಮ ಮನೆಗೇ ಬಂದರು. ಕರೆಂಟ್ ಆಗಾಗ ಹೋಗುತ್ತಿತ್ತೇ ಎಂದು ಅತ್ತೆಯನ್ನು ಕೇಳಿದರು. ಇಲ್ಲವೇ ಇಲ್ಲ ಎಂದರು ಅತ್ತೆ. ಮೂರನೇ ತರಗತಿಯ ನನ್ನ ಮಗಳು ಇಲಕ್ಕಿಯಾ ಬೋಂಡ ತಿನ್ನುತ್ತಿದ್ದವಳು, ಗಿಳಿ ಅತ್ತ ಕೂಡಲೇ ಅಜ್ಜಿ ಸ್ವಿಚ್ ಆರಿಸುತ್ತಾರಲ್ಲ, ಆಮೇಲೆ ಮೊದಲಿಂದ ಶುರು ಎಂದಳು. ಎಂಟು ಕಂಪ್ಯೂಟರಿಗೂ ಗೋಡೆಯ ಮೇಲೆ ಒಂದೇ ಸ್ವಿಚ್. ಒಬ್ಬರು ತಪ್ಪು ಒತ್ತಿದರೆ ಎಂಟೂ ಪರದೆ ಕತ್ತಲು, ಯಾರ ಪಾಠವೂ ಉಳಿಯುತ್ತಿರಲಿಲ್ಲ. ಗಿಳಿ ಅತ್ತರೆ ಕತ್ತಲಾಗುವುದು ಕಂಪ್ಯೂಟರಿನ ಗುಣವೆಂದೇ ಮಕ್ಕಳು ತಿಳಿದಿದ್ದರು.

ಟೀಚರ್ ತಲೆಯ ಮೇಲೆ ಕೈಹೊತ್ತು ಕುಳಿತರು. ಅತ್ತೆಗೆ ಅವರ ಸಂಕಟವೇ ಅರ್ಥವಾಗಲಿಲ್ಲ. ನೇಯುವ ಮನೆಯ ಹುಡುಗಿ ನೀನಾದರೂ ನ್ಯಾಯ ಹೇಳು ಎಂಬಂತೆ ನನ್ನ ಕಡೆ ತಿರುಗಿದರು. ಇಲ್ಲಿಯವರ ಕನ್ನಡದಲ್ಲಿ ಹಕಾರ ಉದುರಿಹೋಗಿದೆ, ಮುದ್ದಿಗೆ ಕಣ್ಣು ಅನ್ನುತ್ತಾರೆ.

"ನೀನೇ ಏಳು ಕಣ್ಣು, ಎಳೆ ಅರ್ದ್‌ಮೇಲೂ ತರಿ ಓಡಿಸ್ತಾರಾ?"

ಓಡಿಸುವುದಿಲ್ಲ, ನಿಜ. ಒಂದು ಎಳೆ ಹರಿದರೂ ತರಿ ನಿಲ್ಲಿಸಿ, ಗಂಟು ಹಾಕಿ, ಆಮೇಲೇ ಮುಂದಕ್ಕೆ. ಹಾಗೇ ಬಿಟ್ಟರೆ ದೋಷ ಗಜಗಟ್ಟಲೆ ಬೆಳೆಯುತ್ತದೆ. ದೊಡ್ಡಬಳ್ಳಾಪುರದಲ್ಲಿ ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು. ಆದರೆ ಇದು ತರಿಯಲ್ಲ, ಇಲ್ಲಿ ತಪ್ಪು ಮಾಡಿಯೇ ಕಲಿಯಬೇಕು ಎಂದು ಟೀಚರ್ ಬಿಡಿಸಿ ಬಿಡಿಸಿ ಹೇಳಿದರು. ತಪ್ಪು ಮಾಡಿ ಕಲಿಯೋ ಅಂಥದ್ದು ಏನಿದೆಯೋ ಎಂದು ಅತ್ತೆ ಗೊಣಗಿದರು. ಅವರ ಗೊಣಗು ಎದುರು ಮನೆಗೆ ಕೇಳಿಸಿತು.

ಮರುದಿನ ಟೀಚರ್ ನನಗೊಂದು ಕೆಲಸ ಒಪ್ಪಿಸಿದರು. ಅತ್ತೆಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡಿರಬೇಕು. ಇಂಥ ಅವಕಾಶ ಎಷ್ಟು ಸೊಸೆಯರಿಗೆ ಸಿಗುತ್ತದೆ, ಖುಷಿಯಿಂದಲೇ ಒಪ್ಪಿಕೊಂಡೆ. ಇಲಕ್ಕಿಯಾ ಆರಕ್ಕೆ ಎರಡು ಸೇರಿದರೆ ಏಳು ಎಂದು ಒತ್ತಿದಳು. ಕೆಂಪು ಗುರುತು ಬಿತ್ತು, ಗಿಳಿ ಅಳತೊಡಗಿತು. ಅತ್ತೆಯ ಕೈ ಚಿಮ್ಮಿತು. ನಾನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ.

ಗಿಳಿ ಅತ್ತಿತು, ಅತ್ತಿತು, ಆಮೇಲೆ ರೆಕ್ಕೆಯ ಅಡಿಯಿಂದ ಕರ್ಚೀಫು ತೆಗೆದು ಜೋರಾಗಿ ಮೂಗು ಸೀಟಿತು. ಸೀಟಿದ ರಭಸಕ್ಕೆ ಕೊಂಬೆಯಿಂದ ಹಿಂದಕ್ಕೆ ಮಗುಚಿ ಬಿತ್ತು. ಮತ್ತೆ ಹತ್ತಿ ಕೂತು, ಒಂದೊಂದೇ ಮಾವಿನಹಣ್ಣನ್ನು ಕೊಕ್ಕಿನಿಂದ ಮುಟ್ಟಿ ಎಣಿಸಿ ತೋರಿಸಿ, ಮುಂದಿನ ಪ್ರಶ್ನೆಗೆ ಹೋಯಿತು. ಇಷ್ಟು ತಿಂಗಳಲ್ಲಿ ಆ ಶಾಲೆಯ ಒಬ್ಬರೂ ಇದನ್ನು ನೋಡಿರಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅತ್ತೆ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅಳ್ತಾ ಅಳ್ತಾ ಗಂಟು ಆಕ್ತದಲ್ಲೇ ಎಂದು ನನ್ನ ಕಿವಿಯಲ್ಲಿ, ಅಂದರೆ ಕೋಣೆಗೆಲ್ಲ ಕೇಳುವಂತೆ, ಹೇಳಿದರು.

ಕಷ್ಟ ತೀರಿತೆಂದು ನಾನೂ ಟೀಚರೂ ಅಂದುಕೊಂಡೆವು. ಎಲ್ಲಿಯ ತೀರುವುದು. ಗಿಳಿ ಬೀಳುವುದನ್ನು ಒಮ್ಮೆ ನೋಡಿದ ಮಕ್ಕಳಿಗೆ ಅದು ಕುಣಿಯುವುದು ಸಪ್ಪೆಯಾಯಿತು. ಬೇಕುಬೇಕೆಂದೇ ತಪ್ಪು ಒತ್ತತೊಡಗಿದರು. ಮನೆಯಲ್ಲಿ ನಿದ್ದೆಗಣ್ಣಿನಲ್ಲೂ ಲೆಕ್ಕ ಹೇಳುವ ನನ್ನ ಮಗಳು ಮೂರಕ್ಕೆ ಒಂದು ಸೇರಿದರೆ ಹನ್ನೊಂದು ಎಂದು ಒತ್ತಿ ನಗುತ್ತ ಕಾಯುವಳು. ಎಂಟು ಗಿಳಿಗಳು ಒಟ್ಟಿಗೆ ಅತ್ತು ಒಟ್ಟಿಗೆ ಬೀಳುವುದು ಆಟದ ಹೊಸ ನಿಯಮವಾಯಿತು. ಬೈದರೂ ಕೇಳಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅತ್ತೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುತ್ತಿದ್ದರು.

ಟ್ರಸ್ಟಿನಿಂದ ಬಂದವರು ಮೋಹನ್‌ರಾಜ್ ಎಂಬ ತರುಣ. ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ನೇಕಾರರ ಪೈಕಿಯೇ. ಮಕ್ಕಳ ತಾಯಂದಿರನ್ನೂ ಅವತ್ತು ಕರೆಸಿದ್ದರು. ಮೋಹನ್‌ರಾಜ್ ಲ್ಯಾಪ್‌ಟಾಪ್ ತೆರೆದು ನೋಡಿ ಹುಬ್ಬು ಗಂಟಿಕ್ಕಿದರು. ತಿಂಗಳುಗಟ್ಟಲೆ ಮೊದಲ ಪಾಠ, ಆಮೇಲೆ ಒಂದು ವಾರದಲ್ಲಿ ಉಳಿದೆಲ್ಲ ಶಾಲೆಗಳನ್ನು ಸೇರಿಸಿದರೂ ಆಗದಷ್ಟು ತಪ್ಪು. ಹುಡುಗ ಕೆಟ್ಟವನಲ್ಲ, ದನಿ ಏರಿಸಲೂ ಇಲ್ಲ. ಕಂಪ್ಯೂಟರುಗಳನ್ನು ಶನಿವಾರ ಒಯ್ಯುತ್ತೇವೆ, ಟೀಚರು ಆಸಕ್ತಿ ತೋರಿಸಲಿಲ್ಲ ಎಂದು ಬರೆಯಬೇಕಾಗುತ್ತದೆ ಎಂದರು.

ಕಾರ್ತಿಕಾ ಟೀಚರಿನ ಕಣ್ಣು ತುಂಬಿತು. ಅವರು ಒಂದು ಬೆರಳು ಎತ್ತಿ ಅತ್ತೆಯ ಕಡೆ ತೋರಿಸಿದ್ದರೆ ಮುಗಿಯುತ್ತಿತ್ತು. ಒಮ್ಮೆ ಅತ್ತೆಯನ್ನು ನೋಡಿದರು, ತಲೆ ತಗ್ಗಿಸಿದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅತ್ತೆ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಸ್ವಿಚ್ ಸರಿಯಿಲ್ಲ, ಗಿಳಿ ಸರಿಯಿಲ್ಲ, ಕಂಪ್ಯೂಟರೇ ಹಳೆಯದು.

ಅತ್ತೆ ಎದ್ದು ಮೇಜಿನ ಹತ್ತಿರ ಹೋದರು. ಏನೋ ಹೇಳಿದರು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ನಾನೆಂದೂ ಕೇಳಿದ್ದಿಲ್ಲ. ಮೋಹನ್‌ರಾಜ್ ಕಿವಿ ಮುಂದೆ ಮಾಡಿ, ಏನಮ್ಮ, ಕೇಳಿಸಲಿಲ್ಲ ಎಂದರು. ಪಾಪದ ಹುಡುಗ, ಕೇಳಬಾರದಿತ್ತು. ಅತ್ತೆ ಉಸಿರು ತುಂಬಿಕೊಂಡು ನಾಲ್ಕು ತರಿಗಳ ಮೇಲೆ ಹಾಯುವ ದನಿಯಲ್ಲಿ, ತಮಿಳು ಬಿಟ್ಟು ಮನೆಯ ಮಾತಿನಲ್ಲೇ ಹೇಳಿದರು.

"ತಪ್ಪು ನಂದು ಸಾಮಿ. ಟೀಚರ್‌ದಲ್ಲ, ಮಕ್ಕಳ್ದೂ ಅಲ್ಲ. ದಿನಾ ಸ್ವಿಚ್ ಆರಿಸ್ದೋಳು ನಾನು. ನೇಯೋಳು ತಪ್ಪು ಮಾಡುದ್ರೆ ಅವಳ್ನ ಓಗು ಅನ್ನಿ, ತರಿನ ಯಾಕ್ ಎತ್ಕೊಂಡ್ ಓಗ್ತೀರಿ?"

ಬೀದಿಯ ಆಚೆಯ ಟೀ ಅಂಗಡಿಯಲ್ಲಿ ಜನ ತಿರುಗಿ ನೋಡಿದರು. ಅತ್ತೆ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ನನಗೆ ಅಳು ಬಂತು, ಅತ್ತೆಗಾಗಿ ನಾನು ಅತ್ತದ್ದು ಅದೇ ಮೊದಲು.

ಮೋಹನ್‌ರಾಜ್ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ಮಕ್ಕಳ ಕುರ್ಚಿಯೊಂದರಲ್ಲಿ ಮಂಡಿ ಮಡಚಿ ಕೂತು ತಾವೇ ಒಂದು ತಪ್ಪು ಉತ್ತರ ಒತ್ತಿದರು. ಗಿಳಿ ಮೂಗು ಸೀಟಿ ಬಿದ್ದಾಗ ಅವರಿಗೂ ನಗು ತಡೆಯಲಾಗಲಿಲ್ಲ. ಇನ್ನು ಗಿಳಿಯನ್ನು ಬೀಳಿಸದೆ ಆಡಿ ತೋರಿಸಿ ಎಂದು ಮಕ್ಕಳಿಗೆ ಹೇಳಿದರು. ಅಜ್ಜಿಯ ಬೀಗದ ಕೈ ಮೇಜಿನ ಮೇಲಿದ್ದದ್ದು ಮಕ್ಕಳಿಗೂ ಕಂಡಿತ್ತು. ಎಂಟು ಜನರೂ ಉಸಿರು ಬಿಗಿಹಿಡಿದು ಆಡಿದರು. ಕೊನೆಯಲ್ಲಿ ಇಲಕ್ಕಿಯಾ ನಿಜವಾಗಿಯೇ ಒಂದು ತಪ್ಪಿದಳು, ಆಗ ಅತ್ತೆ ನನ್ನ ಕೈಯನ್ನು ತಾವಾಗಿಯೇ ಹಿಡಿದುಕೊಂಡರು.

ವಾರ್ಷಿಕ ಪರೀಕ್ಷೆಯವರೆಗೆ ಕಂಪ್ಯೂಟರ್ ಇಲ್ಲೇ ಇರಲಿ, ಆಮೇಲೆ ನೋಡೋಣ ಎಂದು ಹೇಳಿ ಮೋಹನ್‌ರಾಜ್ ಹೊರಟರು. ಕಾರ್ತಿಕಾ ಟೀಚರ್ ಬೀಗದ ಕೈಯನ್ನು ಅತ್ತೆಯ ಸೆರಗಿಗೆ ಮತ್ತೆ ಕಟ್ಟಿದರು. ಆದರೆ ಸೋಮವಾರ ಆಚಾರಿಯನ್ನು ಕರೆಸಿ ಸ್ವಿಚ್ಚಿಗೊಂದು ಮರದ ಪೆಟ್ಟಿಗೆ ಹೊಡೆಸಿ, ಅದಕ್ಕೆ ಬೇರೆ ಬೀಗ ಹಾಕಿ, ಆ ಬೀಗದ ಕೈಯನ್ನು ತಮ್ಮ ಬ್ಯಾಗಿನಲ್ಲಿ ಇಟ್ಟುಕೊಂಡರು. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಅವರಿಗೂ ಗೊತ್ತು.

ಮೋಹನ್‌ರಾಜ್ ಬಂದುಹೋದ ದಿನ ಮನೆಗೆ ಹೋಗುವಾಗ ಅತ್ತೆ ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ನಡೆದರು. ಬಾಗಿಲ ಹತ್ತಿರ ನಿಂತು, ಬೇರೆ ಕಡೆ ನೋಡುತ್ತ, "ನಾನ್ ಏಳ್ದುದ್ನ ಯಾರ್‌ಗೂ ಏಳ್ಬೇಡ ಕಣ್ಣು" ಎಂದರು. ಆಗಲಿ ಅತ್ತೆ ಎಂದೆ. ಬೀದಿಗೆಲ್ಲ ಕೇಳಿಸಿದ್ದನ್ನು ನಾನು ಹೇಳುವುದೇನಿದೆ. ಕೊಟ್ಟ ಮಾತಿನಂತೆ ಈವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೇ. ನಮ್ಮ ಮನೆಯಲ್ಲಿ ಎಲ್ಲರೂ ಮಾತಾಡುವುದು ಕನ್ನಡವೇ, ಆದರೆ ಓದಲು ಬರುವುದು ನನಗೊಬ್ಬಳಿಗೇ.