ದೊರೆಸಾನಿ ಮಾಡಿದ ಸೇಬಿನ ಒಬ್ಬಟ್ಟು

ದೊಡ್ಡ ಯುದ್ಧ ಶುರುವಾದ ಮರುವರ್ಷ ನಡೆದದ್ದು ಇದು. ಆಗ ನನಗೆ ಹನ್ನೊಂದೋ ಹನ್ನೆರಡೋ. ನಮ್ಮ ಮನೆ ಮಂಡ್ಯದಲ್ಲಿ, ಸಕ್ಕರೆ ಕಾರ್ಖಾನೆಯ ಹೊಗೆ ಕಾಣುವಷ್ಟು ಹತ್ತಿರ. ಅಪ್ಪ ಅಲ್ಲಿ ಕಬ್ಬಿನ ಗಾಡಿಗಳನ್ನು ಸಾಲಾಗಿ ಬಿಡುವ ಕೆಲಸದಲ್ಲಿದ್ದ. ಮನೆಯಲ್ಲಿ ಎರಡು ಎಮ್ಮೆ ಇದ್ದವು. ಸಾಹೇಬರ ಮನೆಗಳಿಗೆ ಹಾಲು ಕೊಟ್ಟು ಬರುವುದು ನನ್ನ ಪಾಲಿನ ಕೆಲಸ. ನಾನು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಕ್ಕ ಕೆಂಪಮ್ಮನನ್ನು ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಅವಳ ಮೊದಲ ಮಗು ಹುಟ್ಟುವಾಗಲೇ ಸತ್ತಿತ್ತು. ಎರಡನೇ ಸಲ ಬಸುರಿಯಾದಾಗ ಅವ್ವ ಏಳನೇ ತಿಂಗಳು ಕಾಯಲಿಲ್ಲ, ಮೊದಲೇ ಹೋಗಿ ಕರೆದುಕೊಂಡು ಬಂದಳು. ಬಂದ ಮೇಲೆ ಅಕ್ಕ ಹೊಸ್ತಿಲು ದಾಟಬೇಕಾದರೂ ಅವ್ವನನ್ನು ಕೇಳಬೇಕು. ಕಾಲು ಆಡಲಿ ಎಂದು ಸೂಲಗಿತ್ತಿ ಹೇಳಿದ್ದರಿಂದ ಸಾಯಂಕಾಲ ನನ್ನ ಜೊತೆ ಹಾಲು ಕೊಡಲು ಮಾತ್ರ ಬಿಡುತ್ತಿದ್ದಳು.

ಹಾಲು ಕೊಡುವ ಮನೆಗಳಲ್ಲಿ ಒಂದು, ಕಾರ್ಖಾನೆಯ ಮಿಷನ್ನು ನೋಡಿಕೊಳ್ಳಲು ಬಂದಿದ್ದ ಒಬ್ಬ ಬಿಳಿ ಎಂಜಿನಿಯರರದ್ದು. ಅವರು ಇಂಗ್ಲಿಷರಲ್ಲವಂತೆ, ಬೇರೆ ಯಾವುದೋ ದೇಶದವರು. ನಮಗೆ ಎಲ್ಲಾ ಒಂದೇ. ಅವರ ಹೆಂಡತಿಯನ್ನು ದೊರೆಸಾನಿ ಎನ್ನುತ್ತಿದ್ದೆವು. ಒಂದು ದಿನ ನಾವು ಹಿತ್ತಲ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಬೆಣ್ಣೆ, ಚಕ್ಕೆ, ಬೆಂದ ಹಣ್ಣಿನ ಘಮ ಬಂತು. ದೊರೆಸಾನಿ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಗಂಡನ ಹತ್ತಿರ ಹೋದಳು. ಹೊರಗೆ ಸುರುಳಿ, ಒಳಗೆ ಸೇಬಿನ ಹೂರಣ. ಅಕ್ಕ ಅಲ್ಲಿಂದ ಕಾಲು ಕೀಳಲಿಲ್ಲ. ನಾನೇ ಕೈ ಹಿಡಿದು ಎಳೆದುಕೊಂಡು ಬಂದೆ.

ಮನೆಗೆ ಬಂದವಳು ಉಣ್ಣಲೊಲ್ಲೆ ಎಂದಳು. ಮಾರನೇ ದಿನವೂ ಅದೇ. ಕೊನೆಗೆ ಬಾಯಿಬಿಟ್ಟಳು, “ನಂಗೆ ಆ ಸೇಬಿನ ಒಬ್ಬಟ್ಟು ಬೇಕು ಕಣವ್ವ.”

“ಬಸ್ರಿ ಎಂಗ್ಸು ಉಣ್ಸೆಕಾಯಿ ಕೇಳ್ತಾಳೆ, ಮಣ್ಣು ಕೇಳ್ತಾಳೆ. ನೀನು ಸಾಯೇಬ್ರ ಮನೆ ತಿಂಡಿ ಕೇಳ್ತೀಯಲ್ಲೇ!” ಎಂದು ಅವ್ವ ರೇಗಿದಳು. ರೇಗಿದರೂ ಹೆದರಿದಳು. ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು.

ಪಕ್ಕದ ಮನೆಯ ಖೈರುನ್‌ಬಿಯ ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ಖೈರುನ್‌ಬಿ ದೊರೆಸಾನಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು, ಇಬ್ಬರೂ ಹಿಂದೂಸ್ತಾನಿಯಲ್ಲಿ ಅಷ್ಟಿಷ್ಟು ಮಾತಾಡುತ್ತಿದ್ದರು. ಅವ್ವ ಅವಳನ್ನು ಕಳಿಸಿದಳು. ಹೋದವಳು ನಗುತ್ತಾ ಬಂದು ಅವ್ವನಿಗೆ ಹೇಳಿದಳು,

“ಅಕ್ಕಾ, ಅವ್ರು ಕೊಟ್ಟು ಕಳ್ಸಕಿಲ್ವಂತೆ. ಇಲ್ಲಿಗೇ ಬಂದು, ಬಿಸಿಬಿಸೀದು ಮಾಡಿ, ಅವ್ರ ಕೈಯಾರೆ ಕೆಂಪಮ್ಮನ ಬಾಯ್ಗೆ ಇಡ್ತಾರಂತೆ. ಅದೊಂದೇ ಅವ್ರಾಸೆ.”

“ಬರ್ಲಿ ಬುಡು” ಎಂದಳು ಅವ್ವ.

ಭಾನುವಾರ ಬೆಂಗಳೂರಿನಿಂದ ರೈಲಿನಲ್ಲಿ ಬಂದ ಸೇಬಿನ ಬುಟ್ಟಿ ಹಿಡಿದು ದೊರೆಸಾನಿ ನಮ್ಮ ಬೀದಿಗೆ ಬಂದಳು. ಆಗ ಸೇಬು ತರುತ್ತಿದ್ದದ್ದು ಕಾಯಿಲೆಯವರಿಗೆ ಮಾತ್ರ. ಎದುರುಮನೆ ಚಿಕ್ಕತಾಯಮ್ಮ ಓಡಿ ಬಂದಳು, “ಯಾರ್ಗವ್ವ ಏನಾಯ್ತು? ಉಸ್ರೈತಾ?”

“ಎಲ್ರೂ ಗುಂಡ್ಕಲ್ಲಂಗವ್ರೆ. ನಿನ್ ಬಾಯ್ ಮುಚ್ಚು” ಎಂದಳು ಅವ್ವ.

ನಮ್ಮ ಮನೆಯಲ್ಲಿ ಮೇಜಿರಲಿಲ್ಲ. ಅಪ್ಪನ ಹಲಗೆ ಮಂಚವನ್ನು ಅಂಗಳಕ್ಕೆ ಎಳೆದು, ಅದರ ಮೇಲೆ ಒಗೆದ ಪಂಚೆ ಹಾಸಿದೆವು. ದೊರೆಸಾನಿ ಮೈದಾಗೆ ಎಣ್ಣೆ, ನೀರು ಹಾಕಿ ಕಣಕ ನಾದಿ, ಎತ್ತಿ ಎತ್ತಿ ಹಲಗೆಗೆ ಬಡಿದಳು. ಅವ್ವ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. “ಕಣಕ ನಾದೋದ ಇವ್ಳು ನಂಗೆ ತೋರ್ಸಾಳೇನು” ಎಂದಳು. ಒಬ್ಬಟ್ಟಿಗೆ ಅವ್ವನದು ಹೆಸರಾದ ಕೈ.

ಕಣಕ ನೆನೆದ ಮೇಲೆ ದೊರೆಸಾನಿ ಅದನ್ನು ಪಂಚೆಯ ನಡುವೆ ಇಟ್ಟು, ಕೆಳಗಿನಿಂದ ಮುಷ್ಟಿ ಕೊಟ್ಟು ಎಳೆಯತೊಡಗಿದಳು. ಅದು ಹರಡುತ್ತಾ ಹೋಯಿತು. ಒಂದು ಮೂಲೆ ಹರಿಯುವ ಹಾಗಾದಾಗ ಅವ್ವ ತಡೆಯಲಾರದೆ ಮುಂದೆ ಬಂದು ಎದುರು ಬದಿ ಹಿಡಿದಳು. ಆ ಕಡೆ ಇವಳು, ಈ ಕಡೆ ಅವಳು. ಒಬ್ಬಳು ಎಳೆದರೆ ಇನ್ನೊಬ್ಬಳು ಸಡಿಲ ಬಿಡುವುದು. ಪಂಚೆಯ ಕೆಂಪಂಚು ಕಣಕದೊಳಗಿಂದ ಕಾಣುವಷ್ಟು ತೆಳುವಾಯಿತು. ದೊರೆಸಾನಿ ಅವ್ವನ ಕೈ ಮುಟ್ಟಿ ನಕ್ಕಳು. ಅವ್ವನೂ ನಕ್ಕಳು. ಅವ್ವ ಹೊರಗಿನವರ ಎದುರು ಹಲ್ಲು ಬಿಡುವ ಹೆಂಗಸೇ ಅಲ್ಲ.

ಮೇಲೆ ತುಪ್ಪ, ಹುರಿದ ಬ್ರೆಡ್ಡಿನ ಪುಡಿ, ತೆಳ್ಳಗೆ ಹೆಚ್ಚಿದ ಸೇಬು, ದ್ರಾಕ್ಷಿ, ಸಕ್ಕರೆ, ಚಕ್ಕೆ ಪುಡಿ. ಪಂಚೆಯ ಒಂದು ತುದಿ ಎತ್ತಿದ್ದೇ ತಡ ಅದು ತಾನೇ ಚಾಪೆಯ ಹಾಗೆ ಸುತ್ತಿಕೊಂಡಿತು. ಅವರ ಮನೆಯಲ್ಲಿದ್ದಂಥ ಒಲೆ ನಮ್ಮಲ್ಲೆಲ್ಲಿ? “ಬಿರಿಯಾನಿಗೆ ಹಾಕ್ದಂಗೆ ಹಾಕೋಣ” ಎಂದು ಖೈರುನ್‌ಬಿಯೇ ತಾಮ್ರದ ಪಾತ್ರೆಗೆ ಮರಳು ಹಾಕಿ, ತಟ್ಟೆ ಕೂರಿಸಿ, ಮುಚ್ಚಳದ ಮೇಲೂ ಕೆಂಡ ಹರಡಿದಳು.

ಬೇಯುವವರೆಗೂ ಹೆಂಗಸರು ಜಗಲಿಯ ಮೇಲೆ ಕೂತರು. ಚಿಕ್ಕತಾಯಮ್ಮ ಸುಮ್ಮನಿರುವವಳಲ್ಲ. “ಕೇಳ್ ಬೀ, ಎಷ್ಟ್ ಮಕ್ಳು ಅವ್ರಿಗೆ?”

ಖೈರುನ್‌ಬಿ ಕೇಳಿದಳು. ದೊರೆಸಾನಿ ತಲೆಯಾಡಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ಖೈರುನ್‌ಬಿ ದನಿ ತಗ್ಗಿಸಿದಳು, “ಒಂದೂ ಆಗಿಲ್ವಂತೆ. ಡಾಕ್ಟ್ರಿಗೆಲ್ಲ ತೋರ್ಸವ್ರಂತೆ.”

ಬಿಳಿಯರು ಮಕ್ಕಳನ್ನು ಓದಲು ತಮ್ಮ ದೇಶದಲ್ಲೇ ಬಿಟ್ಟು ಬರುತ್ತಾರಲ್ಲ, ಇವಳೂ ಹಾಗೇ ಎಂದು ಅವ್ವ ತಿಳಿದಿದ್ದಳು. ಮಕ್ಕಳಿಲ್ಲದವಳ ಕೈಯಿಂದ ಬಸುರಿ ತಿನ್ನಬಾರದು, ಕಣ್ಣು ತಗಲುತ್ತದೆ ಎಂಬುದು ಅವ್ವನಿಗೆ ಬೆಂಕಿ ಸುಡುತ್ತದೆ ಎನ್ನುವಷ್ಟೇ ನಿಜ. ಅವಳ ಮುಖ ಗಂಟು ಬಿತ್ತು.

ಮುಚ್ಚಳ ತೆಗೆದಾಗ ಬೀದಿಗೆಲ್ಲ ಘಮ. ದೊರೆಸಾನಿ ಒಂದು ತುಂಡು ಕೊಯ್ದು, ಊದಿ ಆರಿಸಿ, ಅಕ್ಕನ ಮುಂದೆ ಬಂದಳು. ಅಕ್ಕ ಗುಬ್ಬಿಮರಿಯ ಹಾಗೆ ಬಾಯಿ ತೆರೆದಳು. ನಡುವೆ ಅವ್ವನ ಕೈ ಅಡ್ಡ ಬಂತು.

“ತಡಿ” ಎಂದವಳೇ ಒಳಗಿಂದ ಮೊರದಲ್ಲಿ ಉಪ್ಪು, ಒಣಮೆಣಸಿನಕಾಯಿ ತಂದಳು. ಒಂದು ಹಿಡಿ ತೆಗೆದು ಅಕ್ಕನ ತಲೆಯ ಸುತ್ತ ಮೂರು ಸಲ ಸುತ್ತಿಸಿ, “ಕಂಡೋರ ಕಣ್ಣು ಸುಟ್ಟೋಗ್ಲಿ” ಎಂದು ಕೆಂಡಕ್ಕೆ ಹಾಕಿದಳು.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ಆಗಿಲ್ಲದಿದ್ದರೆ ಬರುತ್ತದೆ. ಇದು ನಮ್ಮ ಅವ್ವಂದಿರ ಪರೀಕ್ಷೆ. ಅವತ್ತು ಎಂಥ ಘಾಟು ಬಂತೆಂದರೆ ಜಗಲಿಯ ಮೇಲಿದ್ದವರೆಲ್ಲ ಕೆಮ್ಮಿ ಕೆಮ್ಮಿ ಕಣ್ಣು ಒರೆಸಿಕೊಂಡರು. ಕಟ್ಟಿದ್ದ ಎಮ್ಮೆ ಸೀನಿತು.

“ಅಕ್ಕಾ, ನೋಡಿದ್ಯಾ, ಘಾಟು ಬಂತು! ಏನೂ ಇಲ್ಲ, ತಿನ್ಸಕ್ ಬುಡು” ಎಂದಳು ಖೈರುನ್‌ಬಿ.

“ನೀನು ಸುಮ್ಕಿರು ಬೀ. ಒಂದ್ ಕೂಸ ಮಣ್ಗಿಟ್ಟು ಬಂದಿವ್ನಿ ನಾನು.”

ದೊರೆಸಾನಿಗೆ ಇದೊಂದೂ ತಿಳಿಯಲಿಲ್ಲ. ಕೆಮ್ಮುತ್ತಾ, ನಗುತ್ತಾ, ಇದು ಬಸುರಿಗೆ ಹರಸುವ ಶಾಸ್ತ್ರ ಎಂದುಕೊಂಡಳು. ತುಂಡನ್ನು ತಟ್ಟೆಗಿಟ್ಟು, ಮೊರದ ಕಡೆ ಬೆರಳು ತೋರಿಸಿ, ತನ್ನ ತಲೆ ಮುಟ್ಟಿಕೊಂಡಳು. ಆಮೇಲೆ ಹೊಟ್ಟೆ ಮುಟ್ಟಿಕೊಂಡಳು. ಅವ್ವನ ಮುಂದೆ ತಲೆ ತಗ್ಗಿಸಿ ನಿಂತೇಬಿಟ್ಟಳು.

“ಅವ್ರಿಗೂ ಮಾಡು ಅಂತವ್ರೆ ಅಕ್ಕಾ” ಎಂದಳು ಖೈರುನ್‌ಬಿ.

ಅವ್ವ ನೋಡಿದಳು. ಮೊರ ಕೆಳಗಿಟ್ಟಳು. ಅಕ್ಕನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಅಗುಳಿ ಜಡಿದಳು. ಆ ಸದ್ದಿಗೆ ದೊರೆಸಾನಿ ತಲೆ ಎತ್ತಿದಳು. ಖೈರುನ್‌ಬಿಯನ್ನು ಏನೋ ಕೇಳಿದಳು. ಖೈರುನ್‌ಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟರಲ್ಲೇ ದೊರೆಸಾನಿಗೆ ತಿಳಿಯಿತು ಎಂದು ಕಾಣುತ್ತದೆ. ಕೈ ತೊಳೆದು, ಮಂಚದ ಮೇಲಿದ್ದ ಪಂಚೆ ಕೊಡವಿ, ನಾಲ್ಕು ಮಡಿಕೆ ಮಾಡಿ ಜಗಲಿಯ ಮೇಲಿಟ್ಟು ಹೊರಟುಹೋದಳು. ತಿಂಡಿಯನ್ನು ಬೀದಿಯ ಮಕ್ಕಳಿಗೆ ಹಂಚಿದರು. ನಾನೂ ತಿಂದೆ. ಹಪ್ಪಳದ ಹಾಗೆ ಮುರಿದು ಬೆಣ್ಣೆಯ ಹಾಗೆ ಕರಗಿತು. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು.

ಮಾರನೇ ದಿನ ಹಾಲು ಕೊಡಲು ಹೋದಾಗ ಆಳು ಬರಲಿಲ್ಲ, ದೊರೆಸಾನಿಯೇ ಬಂದಳು. ಅವಳಿಗೆ ಬರುತ್ತಿದ್ದ ನಾಲ್ಕಾರು ಕನ್ನಡದ ಮಾತುಗಳಲ್ಲೇ, “ಅಕ್ಕ? ಚೆನ್ನಾಗಿ?” ಎಂದು ಕೇಳಿದಳು. ನಾನು ಹೂಂ ಎಂದೆ. ಆ ಮೇಲೂ ದಿನಾ ಕೇಳುತ್ತಿದ್ದಳು.

ಅಕ್ಕನಿಗೆ ಗಂಡು ಮಗುವಾಯಿತು, ಇಬ್ಬರೂ ಗಟ್ಟಿಯಾಗಿದ್ದರು. ತಾನು ತಡೆದದ್ದಕ್ಕೇ ಉಳಿಯಿತು ಎಂದು ಅವ್ವ ಬೀದಿಯಲ್ಲೆಲ್ಲ ಹೇಳಿಕೊಂಡಳು. ಅದೇ ವರ್ಷ ಎಂಜಿನಿಯರ್ ದಂಪತಿ ಮಂಡ್ಯ ಬಿಟ್ಟರು. ಯುದ್ಧದ ದೆಸೆಯಿಂದ ಎಂದರು. ಎಲ್ಲಿಗೆ ಹೋದರೋ, ಅವಳಿಗೆ ಆಮೇಲಾದರೂ ಮಗುವಾಯಿತೋ ಇಲ್ಲವೋ, ತಿಳಿಯಲಿಲ್ಲ. ಬಹಳ ವರ್ಷದ ಮೇಲೆ ಅಕ್ಕ ಒಮ್ಮೆ ಅಂದಳು, “ಅವ್ರ ಕೈ ನನ್ ತುಟಿ ತಂಕ ಬಂದಿತ್ತು ಕಣೆ.” ಮತ್ತೆ ಆ ಮಾತು ಎತ್ತಲಿಲ್ಲ.

ಅವ್ವನನ್ನು ನಾನು ಬೈಯುವುದಿಲ್ಲ. ಸತ್ತ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗುಂಡಿಯವರೆಗೆ ಹೋದವಳು ಅವಳು. ಹೆದರಿದ್ದಳು. ಅಕ್ಕ ತಿನ್ನದೆ ಹೋದದ್ದಕ್ಕೂ ನನಗೆ ಅಂಥ ಸಂಕಟವಿಲ್ಲ. ಒಂದು ತಿಂಡಿ, ಹೋಯಿತು. ಆದರೆ ನಮ್ಮ ಮನೆ ಮುಂದೆ ಒಬ್ಬಳು ಹೆಂಗಸು ನನಗೂ ಮಗು ಬೇಕು ಎಂದು ತಲೆ ತಗ್ಗಿಸಿ ನಿಂತಿದ್ದಳು. ಮೊರದಲ್ಲಿ ಇನ್ನೂ ಉಪ್ಪು ಇತ್ತು, ಮೆಣಸಿನಕಾಯಿ ಇತ್ತು. ಮೂರು ಸುತ್ತು ಸುತ್ತಿದ್ದರೆ ಅವ್ವನ ಕೈ ಸವೆಯುತ್ತಿರಲಿಲ್ಲ.