ಮಡಿಸಲಾಗದ ಕಾಲು

ನನ್ನ ಸೋದರತ್ತೆ ಕೋಣೆಯಿಂದ ಹೊರಗೆ ಬರುವ ಮೊದಲೇ ಅವಳ ಮಂಡಿಯ ಸದ್ದು ಬರುತ್ತಿತ್ತು. ಒಣಗಿದ ಅವರೆಕಾಯಿ ತುಳಿದ ಹಾಗೆ ಲಟಲಟ. ಬಲಗಾಲು ಹೊರಕ್ಕೆ ಬಾಗಿತ್ತು. ನಡೆಯುವಾಗ ಕೈ ಗೋಡೆಯನ್ನು ಹುಡುಕುತ್ತಿತ್ತು. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು, ಮಲಗಿದರೆ ಕಾಲಿಡಲು ಜಾಗವೇ ಸಿಗದು. ಅವಳನ್ನು ನೋಡಿ ನೋಡಿ ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಪೂರಿಗಾಲಿಯಲ್ಲಿ ಅವಳ ಮನೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಆಯಸ್ಸೆಲ್ಲ ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಹಾಕಿದವಳು, ನೆಲಕ್ಕೆ ಕೂತು ಮುದ್ದೆ ತೊಳಸಿ ಮನೆಮಂದಿಗೆಲ್ಲ ಬಡಿಸಿದವಳು. ಊಟಕ್ಕೂ ಅವಳಿಗೆ ನೆಲವೇ ಆಗಬೇಕು. ಚಕ್ಕಳಮಕ್ಕಳ ಹಾಕಿ, ಎಲ್ಲರ ಜೊತೆ ಸಾಲಿನಲ್ಲಿ. ಮಂಡಿ ಮಡಿಸಲಾಗದೆ ಹೋದಾಗ ನಾನು ಮಳವಳ್ಳಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟೆ. ಅದರ ಮೇಲೆ ಒಗೆದ ಬಟ್ಟೆ ಪೇರಿಸಿಟ್ಟಳು. ಕಾಲು ಚಾಚಿ ಉಂಡರೆ ಅನ್ನಕ್ಕೆ ಅವಮಾನವಂತೆ, ಕುರ್ಚಿ ಮೇಲೆ ಕೂತು ಉಣ್ಣುವುದು ನೆಂಟರ ಲಕ್ಷಣವಂತೆ. ಕಡೆಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತಿದ್ದಳು. ಎಂಥ ಹಟವಪ್ಪ ಅದು! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಂಡ್ಯದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಕೀಲು ಸವೆದುಹೋಗಿದೆ, ಬದಲಾಯಿಸಿದರೆ ನೋವಿಲ್ಲದೆ ಓಡಾಡಬಹುದು, ಆದರೆ ಆಮೇಲೆ ನೆಲದ ಮೇಲೆ ಕೂರುವಂತಿಲ್ಲ ಎಂದರು ಅವರು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದೆ. ಮಂಡಿ ನೀವಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಊರು ಹತ್ತಿರವಾದಾಗ ಬಾಯಿಬಿಟ್ಟಳು.

“ಬೇಕಾದಷ್ಟು ಓಡಾಡಿವ್ನಿ ಕಣವ್ವ, ಆ ಆಸೆ ಇಲ್ಲ ನಂಗೆ. ಒಂದ್ಸಲ ಚಕ್ಕಂಬಕ್ಳ ಆಕ್ಕಂಡು ಎಲ್ರ ಜೊತೆ ಕೂತ್ಕಬೇಕು, ಅಷ್ಟೆಯ.”

ಆ ವರ್ಷದ ಹಿರಿಯರ ಹಬ್ಬದಲ್ಲಿ ಎಲೆ ಹಾಕಿದ್ದೇ ತಡ, ಗೋಡೆ ಹಿಡಿದು ಜಾರಿ ಸಾಲಿನಲ್ಲಿ ಕೂತೇಬಿಟ್ಟಳು. ಬಲಗಾಲು ಮಡಿಸಲು ಹೋದವಳ ಮುಖ ಬಿಳಿಚಿಕೊಂಡಿತು. ಆಗಲಿಲ್ಲ. ಸೀರೆಯ ನೆರಿಗೆಯನ್ನು ಕಾಲಿನ ಮೇಲೆ ಹರಡಿಕೊಂಡು, ಮಡಿಸಿ ಕೂತವಳ ಹಾಗೆ ನಟಿಸುತ್ತ ಉಂಡಳು. ಎಲ್ಲರೂ ಕೈತೊಳೆಯಲು ಎದ್ದರು, ಅವಳು ಕದಲಲಿಲ್ಲ. ನಾನು ಹತ್ತಿರ ಹೋಗಿ ಬಗ್ಗಿದೆ.

“ಎದ್ದೇಳಕ್ಕಾಯ್ತಿಲ್ಲ ಕಣೆ. ಯಾರ್ಗೂ ಗೊತ್ತಾಗೋದು ಬ್ಯಾಡ,” ಅಂದಳು.

ಕಂಕುಳಿಗೆ ಕೈಹಾಕಿ ಎತ್ತಿದೆ. ಅವಳ ಭಾರವೆಲ್ಲ ನನ್ನ ಮೇಲೆ ಬಿತ್ತು.

ಹೋದ ಚಳಿಗಾಲದಲ್ಲಿ ಎದೆನೋವು ಬಂದು ಅತ್ತೆ ತೀರಿಕೊಂಡಳು. ನಮ್ಮ ಕಡೆ ಸತ್ತವರನ್ನು ಗೋಡೆಗೊರಗಿಸಿ, ಕಾಲು ಮಡಿಸಿ ಕೂರಿಸುತ್ತಾರೆ. ನೋಡಲು ಬಂದವರಿಗೆ ಮುಖ ಕಾಣಬೇಕು. ನೆಂಟರಿಬ್ಬರು ಅವಳ ಬಲಗಾಲಿಗೆ ಕೈಹಾಕಿದರು. ನಾನು ನುಗ್ಗಿಹೋಗಿ ಅವರ ಕೈ ಹಿಡಿದುಕೊಂಡೆ.

“ಮಡಿಸ್ಬ್ಯಾಡಿ, ನೋಯ್ತದೆ,” ಅಂದೆ.

ಜಗುಲಿಯಲ್ಲಿ ಅಳುತ್ತಿದ್ದವರು ನನ್ನತ್ತ ತಿರುಗಿದರು. ನನಗೆ ಬುದ್ಧಿಭ್ರಮಣೆಯಾಯಿತು ಅಂದುಕೊಂಡರೋ ಏನೋ, ಯಾರೋ ಭುಜ ಹಿಡಿದು ಹಿಂದಕ್ಕೆ ಎಳೆದರು. ಆಗ ಬಸ್ಸಿನಲ್ಲಿ ಅವಳು ಅಂದದ್ದು ನೆನಪಾಯಿತು. ಕೈ ಬಿಟ್ಟೆ.

ಕಾಲು ಮಡಿಸಿದರು. ಮಂಡಿ ಸದ್ದು ಮಾಡಲಿಲ್ಲ. ಅತ್ತೆ ಎಲ್ಲರ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

ಈಗಲೂ ನಾನು ಊಟಕ್ಕೆ ನೆಲದ ಮೇಲೆಯೇ ಕೂರುತ್ತೇನೆ. ನನ್ನ ಕಾಲು ಹೇಳದೆ ಕೇಳದೆ ತಾನಾಗಿ ಮಡಿಸಿಕೊಳ್ಳುತ್ತದೆ. ಅದಕ್ಕೇ ಸಂಕಟವಾಗುತ್ತದೆ.