ನಾವು ಮಾಡದ ಆಯುಧಪೂಜೆ

ಕಾಗದದಲ್ಲಿ ಇಂಗ್ಲಿಷಿನ ನಾಲ್ಕೈದು ಸಾಲುಗಳಿದ್ದವು. ನಾನು ಬೆರಳಿಟ್ಟು ಓದತೊಡಗಿದೆ. ಎದುರಿಗೆ ನಿಂತಿದ್ದ ಕಾರು ಶೋರೂಮಿನ ಸರ್ವಿಸ್ ಅಡ್ವೈಸರ್ ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೇ ಇದ್ದ.

"ಅದೇನಿಲ್ಲ ಸಾರ್, ಫಾರ್ಮಾಲಿಟಿ ಅಷ್ಟೇ. ಕೆಳಗಡೆ ಒಂದು ಸೈನ್ ಹಾಕ್ಬಿಡಿ."

"ಓದ್ತಾ ಇದೀನಿ, ತಡ್ಕೊಳ್ಳಿ."

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಮದುವೆಯಾದ ಮೇಲೆ, ಕುಣಿಗಲ್ಲಿನಲ್ಲಿ ಪರೀಕ್ಷೆ ಕಟ್ಟಿ. ತಡವಾಗಿ ಕಲಿತದ್ದಕ್ಕೋ ಏನೋ, ಓದದೆ ಯಾವುದಕ್ಕೂ ಸಹಿ ಹಾಕುವುದಿಲ್ಲ. ಕೊನೆಯ ಸಾಲಿಗೆ ಬಂದಾಗ ವಿಷಯ ತಿಳಿಯಿತು. ಮಾಲೀಕರು ಎಂಜಿನ್ನಿಗೆ ನೀರು ಹೊಡೆದಿದ್ದರಿಂದ ವೈರಿಂಗ್ ಹಾಳಾಗಿದೆ, ಆದ್ದರಿಂದ ವಾರಂಟಿ ಸಿಗುವುದಿಲ್ಲ.

"ನಾನೆಲ್ಲಿ ನೀರು ಹೊಡೆದೆ?"

"ಆಯುಧಪೂಜೆ ಆಯ್ತಲ್ಲ ಸಾರ್. ಎಲ್ರೂ ಬಾನೆಟ್ ಎತ್ತಿ ಪೈಪ್ ಹಿಡೀತಾರೆ. ಹಬ್ಬ ಆದ್ಮೇಲೆ ನಮಗೆ ಬರೋದೆಲ್ಲ ಇದೇ ಕೇಸು. ನೋಡಿ, ನಿಮ್ಮ ವೈರಿಂಗಲ್ಲಿ ಕುಂಕುಮಾನೂ ಸಿಕ್ಕಿದೆ."

ಮೊಬೈಲಿನಲ್ಲಿ ಫೋಟೋ ತೋರಿಸಿದ. ನಿಜ, ಕಪ್ಪು ವೈರುಗಳ ಸಂದಿಯಲ್ಲಿ ಕೆಂಪು ರಾಡಿ ಮೆತ್ತಿಕೊಂಡಿತ್ತು.

ಜನ ಹಾಗೆ ಮಾಡುವುದು ಸುಳ್ಳಲ್ಲ. ಲಗ್ಗೆರೆಯ ನಮ್ಮ ರಸ್ತೆಯಲ್ಲಿ ಆ ದಿನ ಆಟೊ, ಟೆಂಪೊ, ಲೇತ್ ಮಷೀನು ಎಲ್ಲಕ್ಕೂ ಸ್ನಾನ. ನಾನೂ ಹಿಂದೆಲ್ಲ ಕಾರಿಗೆ ಬಾಳೆಕಂದು ಕಟ್ಟಿದವನೇ. ಆದರೆ ಈ ವರ್ಷ ನಮಗೆ ಹಬ್ಬವಿರಲಿಲ್ಲ. ಬೇಸಿಗೆಯಲ್ಲಿ ಅವ್ವ ತೀರಿಕೊಂಡಿದ್ದಳು. ವರ್ಷ ತುಂಬುವವರೆಗೆ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಗೌರಿಹಬ್ಬಕ್ಕೂ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿರಲಿಲ್ಲ.

ಅದೂ ಅಲ್ಲದೆ ಆಯುಧಪೂಜೆಯ ದಿನ ಕಾರು ನನ್ನ ಹತ್ತಿರವೇ ಇರಲಿಲ್ಲ. ಏಸಿ ತಣ್ಣಗಾಗುತ್ತಿಲ್ಲವೆಂದು ಇದೇ ಶೋರೂಮಿನ ವರ್ಕ್‌ಶಾಪಿಗೆ ಬಿಟ್ಟಿದ್ದೆ. ಹಬ್ಬ ಕಳೆದ ಮೇಲೆ ಕೊಟ್ಟರು. ಮನೆಗೆ ತಂದರೆ ಬಾನೆಟ್ಟಿನ ಮೇಲೆ ವಿಭೂತಿ, ಕುಂಕುಮ. ಹೆಂಡತಿ ಗೇಟಿನಲ್ಲೇ ತಡೆದಳು.

"ಇದ್ಯಾರ್ರೀ ಪೂಜೆ ಮಾಡಿದ್ದು? ನಮಗೆ ಹಬ್ಬ ಇಲ್ಲ ಅಂತ ಹೇಳಿರ್ಲಿಲ್ವಾ?"

"ಏಸಿ ಕೆಟ್ಟಿದೆ ಅಂತ ಹೇಳಿದ್ದೆ ಕಣೇ. ಸಾಲಲ್ಲಿ ನಿಂತಿದ್ದಕ್ಕೆಲ್ಲ ಇಟ್ಟಿರ್ತಾರೆ, ಬಿಡು."

ಅವಳು ಒದ್ದೆ ಬಟ್ಟೆ ತಂದು ಒರೆಸಿಯೇ ಒಳಗೆ ಬಿಟ್ಟಳು. ಆಮೇಲೆ ಕಾಟ ಶುರುವಾಯಿತು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಎಂಜಿನ್ ಆಫ್. ಕೊನೆಗೆ ಸುಮನಹಳ್ಳಿ ಹತ್ತಿರ, ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತಿದ್ದಾಗ, ನಿಂತದ್ದು ಮತ್ತೆ ಏಳಲಿಲ್ಲ. ಕ್ರೇನಿನಲ್ಲಿ ಎಳೆದು ತಂದರು.

ಇಷ್ಟನ್ನೂ ಅಡ್ವೈಸರಿಗೆ ಹೇಳಿದೆ. ಅವನು ಮ್ಯಾನೇಜರನ್ನು ಕರೆದ. ಮ್ಯಾನೇಜರು ನಗುತ್ತಲೇ ಬಂದರು.

"ಸಾರ್, ನಾವು ಪೂಜೆ ಅಂದ್ರೆ ಒಂದು ಬೊಟ್ಟು ಇಡ್ತೀವಿ ಅಷ್ಟೇ. ನೀರೆಲ್ಲ ಹಾಕಲ್ಲ. ನೀವು ಮನೇಲಿ ಹಬ್ಬ ಮಾಡಿಲ್ಲ ಅನ್ನೋದಕ್ಕೆ ಪ್ರೂಫ್ ಏನಿದೆ?"

"ಅವ್ವ ಸತ್ತಿದ್ದಕ್ಕೆ ಪ್ರೂಫ್ ಬೇಕಾ?"

ಅವರ ನಗು ನಿಂತಿತು. "ಕೂತ್ಕೊಳ್ಳಿ ಸಾರ್, ಕಾಫಿ ಕುಡೀರಿ. ಯೋಚ್ನೆ ಮಾಡಿ ಸೈನ್ ಹಾಕಿ," ಎಂದು ಗಾಜಿನ ಕೋಣೆಗೆ ಹೋದರು.

ಕಾಯುವ ಜಾಗದಲ್ಲಿ ಒಂದು ಟೀವಿ ಇತ್ತು. ಅದರಲ್ಲಿ ಶೋರೂಮಿನದೇ ಫೋಟೋಗಳು ಒಂದಾದ ಮೇಲೊಂದು ಬರುತ್ತಿದ್ದವು. ಹೊಸ ಕಾರಿನ ಮುಂದೆ ಕೇಕು ಕತ್ತರಿಸುವವರು, ಬೀಗದ ಕೈ ತೆಗೆದುಕೊಳ್ಳುವವರು. ನಡುವೆ ಆಯುಧಪೂಜೆ ಬಂತು. ವರ್ಕ್‌ಶಾಪಿನಲ್ಲಿ ಬಾನೆಟ್ ಎತ್ತಿದ ಕಾರುಗಳ ಸಾಲು, ಪಂಚೆ ಉಟ್ಟ ಒಬ್ಬನ ಕೈಯಲ್ಲಿ ಪೈಪು, ಜೋರಾಗಿ ಚಿಮ್ಮುತ್ತಿರುವ ನೀರು. ಆ ನೀರು ಬೀಳುತ್ತಿದ್ದ ಕಾರಿನ ಹಿಂದಿನ ಕಿಟಕಿಯಲ್ಲಿ ಹಸಿರು ಪರದೆ.

ಅದು ಅವ್ವನ ಸೀರೆ. ಆಸ್ಪತ್ರೆಗೆ ಹೋಗಿಬರುವಾಗ ಮುಖಕ್ಕೆ ಬಿಸಿಲು ಬೀಳುತ್ತದೆಂದು ಅವಳೇ ಹಳೆಯ ಸೀರೆ ಹರಿದು ಸೊಸೆಯ ಕೈಲಿ ಹೊಲಿಸಿದ್ದಳು. ಅಂಥ ಪರದೆ ಬೇರೆ ಯಾವ ಕಾರಿನಲ್ಲೂ ಇಲ್ಲ.

ಎದ್ದು ಹೋಗಿ ಮ್ಯಾನೇಜರನ್ನು ಕರೆತಂದು ಟೀವಿ ಮುಂದೆ ನಿಲ್ಲಿಸಿದೆ. "ಇರಿ, ಮತ್ತೆ ಬರುತ್ತೆ." ಕೇಕು, ಬೀಗದ ಕೈ ಎಲ್ಲ ದಾಟಿ ಆ ಫೋಟೋ ಬಂತು. ನಾನು ಆ ಹಸಿರು ಪರದೆಯ ಮೇಲೆ ಬೆರಳಿಟ್ಟು, "ಇದು ನನ್ನ ಕಾರು, ಪರದೆ ಅವ್ವನ ಸೀರೇದು," ಎಂದೆ. ಪಕ್ಕದಲ್ಲಿ ತಮ್ಮ ಕಾರಿಗೆ ಕಾಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಾರೇನಹಳ್ಳಿಯ ಆಂಟಿಯೊಬ್ಬರು ಕಾಫಿ ಲೋಟ ಕೆಳಗಿಟ್ಟರು.

"ಏನಪ್ಪ, ಸ್ನಾನ ಮಾಡಿಸಿದ್ದು ನೀವು, ನೆಗಡಿ ಬಂದಿದ್ದು ಅವರ ತಪ್ಪಾ?"

ಮ್ಯಾನೇಜರು ನನ್ನ ಕೈಯಿಂದ ಕಾಗದ ತೆಗೆದುಕೊಳ್ಳಲು ಬಂದರು. "ಸರಿ ಸಾರ್, ವಾರಂಟೀಲೇ ಮಾಡಿಕೊಡ್ತೀವಿ. ಇದು ಬಿಡಿ."

ನಾನು ಬಿಡಲಿಲ್ಲ. "ಕಾರಣ ಏನಂತ ಬರೀತೀರಿ?"

"ಕಾರಣ ಯಾಕೆ ಸಾರ್? ಕೆಲ್ಸ ಆಗ್ತಿದೆಯಲ್ಲ."

"ಕಂಪ್ಯೂಟರಲ್ಲಿ ಆಗ್ಲೇ ನನ್ನ ತಪ್ಪು ಅಂತ ಹಾಕಿದೀರಿ. ನಾಳೆ ಇನ್ನೊಂದು ಕೆಟ್ರೆ ಅದನ್ನೇ ತೋರಿಸ್ತೀರಿ. ಅಳಿಸಿ. ನಿಮ್ಮ ವರ್ಕ್‌ಶಾಪಲ್ಲೇ ನೀರು ಬಿದ್ದಿದ್ದು ಅಂತ ಬರೀರಿ. ಅಲ್ಲೀವರೆಗೂ ನಾನು ಏಳಲ್ಲ."

ಕೂತೆ. ಗಾಜಿನ ಕೋಣೆಯಲ್ಲಿ ಫೋನುಗಳಾದವು. ಆಂಟಿಯ ಕಾರು ಬಂತು. "ಏಳ್ಬೇಡಿ ಕಣ್ರೀ," ಎಂದು ಹೇಳಿ ಹೋದರು.

ಹೊಸ ಕಾಗದ ಬಂತು. ಮತ್ತೆ ಬೆರಳಿಟ್ಟು ಓದಿದೆ. ವರ್ಕ್‌ಶಾಪಿನಲ್ಲಿ ನೀರು ಬಿದ್ದಿರಬಹುದು ಎಂದಿತ್ತು.

"ಬಹುದು ಅಲ್ಲ. ಬಿದ್ದಿದೆ."

ಅಡ್ವೈಸರ್ ವಾಪಸು ತೆಗೆದುಕೊಂಡು ಹೋದ. ಮುಂದೆ ತಂದದ್ದರಲ್ಲಿ ಸರಿಯಾಗಿತ್ತು. ನಿಧಾನವಾಗಿ, ಕನ್ನಡದಲ್ಲಿ ಸಹಿ ಹಾಕಿದೆ. ಒಂದು ಪ್ರತಿ ಮಡಚಿ ಜೇಬಿಗಿಟ್ಟುಕೊಂಡೆ.

ಅವನು ಬಾಗಿಲವರೆಗೂ ಜೊತೆಗೆ ಬಂದ. "ಸಾರ್, ಫೀಡ್‌ಬ್ಯಾಕ್ ಕಾಲ್ ಬರುತ್ತೆ. ಹತ್ತಕ್ಕೆ ಹತ್ತು ಕೊಡ್ಬೇಕು, ಪ್ಲೀಸ್."

"ಬರ್ಲಿ. ಏನಾಯ್ತೋ ಅದನ್ನೇ ಹೇಳ್ತೀನಿ. ಆಮೇಲೆ, ಮುಂದಿನ ವರ್ಷ ನಮ್ಮ ಪೂಜೆ ನಾವೇ ಮಾಡ್ಕೋತೀವಿ, ಮನೇಲಿ. ಬಾನೆಟ್ ಮುಚ್ಕೊಂಡು."